ನೋಟದ ಋಣ

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುವನೆಂದು ಹಿರಿಯರು ಹೇಳಿರುವರು. ದೇವಋಣ, ಋಷಿಋಣ, ಪಿತೃಋಣಗಳೆಂಬ ಈ ಮೂರನ್ನು ತೀರಿಸುವುದರಲ್ಲಿ ಗೃಹಸ್ಥನ ಆಯುಷ್ಯವು ಸಲ್ಲತಕ್ಕದ್ದು. ಇವುಗಳ ಜೊತೆಗೆ ಲೌಕಿಕವಾದ ಋಣಗಳೂ ಉಂಟು. ದಿನಸಿ ಅಂಗಡಿಯ ಲೆಕ್ಕ, ಹಾಲಿನವಳ ಬಾಕಿ, ಮಕ್ಕಳಿಗೆ ಅಕ್ಷರ ಕಲಿಸಿದ ಮೇಷ್ಟರ ಉಪಕಾರ, ಕಷ್ಟಕಾಲದಲ್ಲಿ ಕೈಹಿಡಿದ ನೆಂಟರ ಉಪಕಾರ, ಇವು ಯಾವುವನ್ನೂ ಮರ್ಯಾದಸ್ಥರು ಮರೆಯುವುದಿಲ್ಲ. ಆದರೆ ಯಾವ ಪಟ್ಟಿಯಲ್ಲಿಯೂ ಸೇರದೆ, ಯಾರೂ ಬಾಗಿಲಿಗೆ ಬಂದು ಕೇಳದೆ, ಹಾಗೆಯೇ ಉಳಿದುಬಿಡುವ ಋಣವೊಂದುಂಟು. ಅದು ಕಣ್ಣಿನ ಮೂಲಕ ಬರುವ ಋಣ. ಒಬ್ಬನು ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿ ಬರೆದ ಚಿತ್ರವನ್ನು ಇನ್ನೊಬ್ಬನು ಅರೆಗಳಿಗೆ ನಿಂತು ನೋಡುತ್ತಾನೆ, ಸಂತೋಷಪಡುತ್ತಾನೆ, ಮನೆಗೆ ಹೋಗುತ್ತಾನೆ. ಬರೆದವನಿಗೂ ನೋಡಿದವನಿಗೂ ಸಂಬಂಧವು ಅಲ್ಲಿಗೆ ತೀರಿತೇ? ನೋಡಿದವನು ಏನನ್ನಾದರೂ ಪಡೆದಿದ್ದರೆ, ಪಡೆದುದಕ್ಕೆ ಪ್ರತಿಯಾಗಿ ಅವನು ಕೊಡಬೇಕಾದುದು ಏನಾದರೂ ಉಂಟೇ?

ಪ್ರಶ್ನೆಯು ಹೊರನೋಟಕ್ಕೆ ಚಿಕ್ಕದು. ಆದರೆ ಚಿತ್ರಪ್ರದರ್ಶನಗಳು ವರ್ಷವರ್ಷಕ್ಕೆ ಹೆಚ್ಚುತ್ತಿರುವ ಈ ಕಾಲದಲ್ಲಿ, ಚಿತ್ರವನ್ನು ಬರೆಯುವವನ ಜೀವನವು ಅದೇ ಪ್ರಮಾಣದಲ್ಲಿ ಹಸನಾಗಿಲ್ಲವೆಂಬುದನ್ನು ಬಲ್ಲವರಿಗೆ ಇದು ಚಿಕ್ಕದಾಗಿ ತೋರಲಾರದು. ಇದನ್ನು ವಿಚಾರಿಸುವುದಕ್ಕೆ ದೂರ ಹೋಗಬೇಕಾದುದೂ ಇಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ತೋಟಕ್ಕೆ ಹೋದರೆ ಸಾಕು.

ಟಿಪ್ಪುಸುಲ್ತಾನನು ೧೭೮೪ರಲ್ಲಿ ಕಾವೇರಿಯ ದಂಡೆಯ ಈ ತೋಟದಲ್ಲಿ ತನ್ನ ಬೇಸಗೆಯ ಅರಮನೆಯನ್ನು ಕಟ್ಟಿಸಿದನು. ಕಟ್ಟಡವು ದೊಡ್ಡದಲ್ಲ, ಆದರೆ ಅದರ ಗೋಡೆಗಳಲ್ಲಿ ಬಣ್ಣವಿಲ್ಲದ ಸ್ಥಳವೇ ಇಲ್ಲವೆನ್ನಬೇಕು. ಪೂರ್ವದ ಗೋಡೆಯಲ್ಲಿ ಅಂದಿನ ಅರಸರ ಒಡ್ಡೋಲಗಗಳು. ಪಶ್ಚಿಮದ ಗೋಡೆಯ ಒಂದು ಕಡೆ ಹೈದರಾಲಿ ಮತ್ತು ಟಿಪ್ಪುವಿನ ಮೆರವಣಿಗೆ. ಇನ್ನೊಂದು ಕಡೆ ೧೭೮೦ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಬಳಿ ನಡೆದ ಪೊಳ್ಳಿಲೂರಿನ ಯುದ್ಧ. ಆ ಯುದ್ಧದಲ್ಲಿ ಮೈಸೂರಿನ ಸೈನ್ಯವು ಕರ್ನಲ್ ಬೇಲಿಯ ಪಡೆಯನ್ನು ಮುರಿಯಿತು. ಚಿತ್ರದಲ್ಲಿ ಕೆಂಪು ಅಂಗಿಯ ಸಿಪಾಯಿಗಳು ಚೌಕವಾಗಿ ನಿಂತಿರುವರು. ಸುತ್ತಲೂ ಕುದುರೆಯ ದಳವು ಅಲೆಯಲೆಯಾಗಿ ನುಗ್ಗುತ್ತಿರುವುದು. ಮದ್ದಿನ ಬಂಡಿಯೊಂದು ಸಿಡಿದು ಬೆಂಕಿಯು ಮೇಲಕ್ಕೆ ಹಾರಿರುವುದು. ಪಲ್ಲಕ್ಕಿಯಲ್ಲಿ ಕುಳಿತ ಬೇಲಿಯು ಬೆರಳನ್ನು ಕಚ್ಚಿಕೊಂಡಿರುವನು. ಒಂದೊಂದು ಕುದುರೆಯ ಕಾಲನ್ನೂ ಒಂದೊಂದು ರುಂಡವನ್ನೂ ಬೇರೆಬೇರೆಯಾಗಿ ಬರೆದಿರುವ ಆ ತಾಳ್ಮೆಯನ್ನು ಕಂಡು ಬೆರಗಾಗದವರಿಲ್ಲ.

ಇಷ್ಟನ್ನು ಬರೆದವರು ಯಾರು? ಗೋಡೆಯ ಮೇಲೆ ಅವರ ಹೆಸರಿಲ್ಲ. ಗೆದ್ದವನ ಹೆಸರನ್ನು ಚರಿತ್ರೆ ಬಲ್ಲುದು. ಸೋತವನ ಹೆಸರನ್ನೂ ಬಲ್ಲುದು. ಗೆಲುವನ್ನೂ ಸೋಲನ್ನೂ ಕಣ್ಣಿಗೆ ಕಟ್ಟುವಂತೆ ಮಾಡಿದವನ ಹೆಸರನ್ನು ಮಾತ್ರ ಅರಿಯದು. ದಿನವೂ ಬಸ್ಸುಗಳಲ್ಲಿ ಬರುವ ಜನರು ಬಾಗಿಲಲ್ಲಿ ಚೀಟಿಗೆ ಹಣ ಕೊಟ್ಟು ಒಳಗೆ ಹೋಗುವರು. ಆ ಹಣವು ಕಟ್ಟಡವನ್ನು ಕಾಯುವ ಇಲಾಖೆಗೆ ನ್ಯಾಯವಾಗಿಯೇ ಸೇರುವುದು. ಚಿತ್ರಗಾರನಿಗೆ ಸಲ್ಲಬೇಕಾದುದು ಮಾತ್ರ ಯಾರ ಕೈಗೂ ಸೇರದೆ ಹೊರಗೇ ನಿಂತಿರುವುದು.

ಇದೇ ಊರಿನ ಹೆಸರಿನಿಂದ ಇನ್ನೊಂದು ದೊಡ್ಡ ಚಿತ್ರವು ಲೋಕಪ್ರಸಿದ್ಧವಾಯಿತು. ಅದರ ಕಥೆಯು ಇದಕ್ಕೆ ತೀರ ವಿರುದ್ಧವಾದುದು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದು ಟಿಪ್ಪು ಮಡಿದನು. ಮರುವರ್ಷ, ಎಂದರೆ ೧೮೦೦ರಲ್ಲಿ, ಲಂಡನ್ನಿನ ಲೈಸಿಯಮ್ ಎಂಬ ಮಂದಿರದಲ್ಲಿ ಆ ಕೋಟೆಯ ಮುತ್ತಿಗೆಯ ಚಿತ್ರವೊಂದು ಪ್ರದರ್ಶಿತವಾಯಿತು. ಅದನ್ನು ಬರೆದವನು ರಾಬರ್ಟ್ ಕರ್ ಪೋರ್ಟರ್. ಆಗ ಅವನಿಗೆ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ. ಚಿತ್ರದ ಉದ್ದ ಸುಮಾರು ೧೨೦ ಅಡಿ. ಅರ್ಧಚಂದ್ರಾಕಾರವಾಗಿ ನಿಲ್ಲಿಸಿದ ಆ ಬಟ್ಟೆಯ ಮುಂದೆ ನಿಂತವರಿಗೆ ತಾವೇ ಯುದ್ಧಭೂಮಿಯಲ್ಲಿರುವಂತೆ ಭ್ರಮೆಯಾಗುತ್ತಿತ್ತು. ಇಷ್ಟು ದೊಡ್ಡ ಕೆಲಸವನ್ನು ಅವನು ಕೆಲವೇ ವಾರಗಳಲ್ಲಿ ಮುಗಿಸಿದನೆಂದು ಪ್ರತೀತಿ. ಜನರು ಹಣ ತೆತ್ತು ಗುಂಪುಗುಂಪಾಗಿ ಬಂದರು, ಚಿತ್ರದ ಅಚ್ಚುಗಳು ಮಾರಾಟವಾದುವು, ಪೋರ್ಟರನು ಹೆಸರುವಾಸಿಯಾದನು. ಆದರೆ ಅವನು ಶ್ರೀರಂಗಪಟ್ಟಣವನ್ನು ಕಂಡವನಲ್ಲ. ಕಾವೇರಿಯ ನೀರಿನ ಬಣ್ಣವನ್ನಾಗಲಿ, ಕೋಟೆಯ ಕಲ್ಲಿನ ಮೇಲೆ ಬೀಳುವ ಬೇಸಗೆಯ ಬಿಸಿಲನ್ನಾಗಲಿ ಅವನು ಅರಿಯನು. ವಿಜಯದ ಸುದ್ದಿ ಆರುವ ಮೊದಲೇ, ಆ ಸುದ್ದಿಯ ಬಿಸಿಯಲ್ಲಿ ಜನಕ್ಕೆ ಬೇಕಾದುದನ್ನು ಅವನು ಒದಗಿಸಿದನು. ಆ ದೊಡ್ಡ ಬಟ್ಟೆಯು ಬಳಿಕ ಬೆಂಕಿಗೆ ಆಹುತಿಯಾಯಿತು. ಅಚ್ಚಿನ ಪ್ರತಿಗಳು ಮಾತ್ರ ಉಳಿದಿರುವುವು.

ಒಂದು ಊರಿನ ಎರಡು ಯುದ್ಧಚಿತ್ರಗಳು ಹೀಗೆ ಎರಡು ಪದ್ಧತಿಗಳನ್ನು ಎದುರೆದುರಾಗಿ ನಿಲ್ಲಿಸುವುವು. ಮೊದಲನೆಯದು ಆಶ್ರಯದ ಪದ್ಧತಿ: ಒಡೆಯನು ಅನ್ನವನ್ನು ಕೊಡುವನು, ಚಿತ್ರಗಾರನು ಕೆಲಸವನ್ನು ಕೊಡುವನು, ಹೆಸರು ಒಡೆಯನಿಗೆ ಸಲ್ಲುವುದು. ಎರಡನೆಯದು ಪ್ರದರ್ಶನದ ಪದ್ಧತಿ: ಹೆಸರು ಚಿತ್ರಗಾರನಿಗೆ ಸಲ್ಲುವುದು, ಅನ್ನವು ಮಾತ್ರ ಜನರ ಮನಸ್ಸಿನ ಮೇಲೆ ನಿಂತಿರುವುದು. ಮೊದಲನೆಯದರಲ್ಲಿ ಒಡೆಯನನ್ನು ಮೆಚ್ಚಿಸುವ ಭಯ. ಎರಡನೆಯದರಲ್ಲಿ ಗುಂಪನ್ನು ಮೆಚ್ಚಿಸುವ ಭಯ. ಯಾವುದು ಮೇಲೆಂದು ಒಂದೇ ಮಾತಿನಲ್ಲಿ ತೀರ್ಪು ಹೇಳುವುದು ಸುಲಭವಲ್ಲ.

ಆಶ್ರಯದ ಪದ್ಧತಿಯು ಕನ್ನಡನಾಡಿನಲ್ಲಿ ಸಾರ್ಥಕವಾಗಿ ನಡೆದ ಕಾಲವೂ ಉಂಟು. ವಿಜಯನಗರವು ೧೫೬೫ರಲ್ಲಿ ಹಾಳಾದ ಮೇಲೆ ಅಲ್ಲಿನ ಚಿತ್ರಗಾರರ ಮನೆತನಗಳು ಚದರಿ, ಕೆಲವು ಶ್ರೀರಂಗಪಟ್ಟಣಕ್ಕೆ ಬಂದು ಒಡೆಯರ ಆಶ್ರಯವನ್ನು ಪಡೆದುವೆಂದು ಪರಂಪರೆಯು ಹೇಳುತ್ತದೆ. ೧೭೯೯ರ ಬಳಿಕ ರಾಜಧಾನಿಯು ಮೈಸೂರಿಗೆ ಹೋಯಿತು; ಮುಮ್ಮಡಿ ಕೃಷ್ಣರಾಜ ಒಡೆಯರು ಆ ಕಲೆಗೆ ಹೊಸ ಜೀವವನ್ನು ಕೊಟ್ಟರು. ಇಂದು ಮೈಸೂರು ಶೈಲಿಯೆಂದು ಹೆಸರಾಗಿರುವ ಚಿತ್ರದ ಹಿಂದಿನ ದುಡಿಮೆಯನ್ನು ನೆನೆದರೆ ಆ ಆಶ್ರಯದ ಬೆಲೆಯು ತಿಳಿಯುವುದು. ಹುಣಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ರೇಖೆಯನ್ನು ಎಳೆಯಬೇಕು. ಅಳಿಲಿನ ಕೂದಲಿನ ಕುಂಚವನ್ನು ಕಟ್ಟಿಕೊಳ್ಳಬೇಕು. ಸಫೇದವನ್ನೂ ಮಕ್ಕಿಯ ಅಂಟನ್ನೂ ಕೂಡಿಸಿ ನುಣ್ಣಗೆ ಅರೆದು, ಒಡವೆಗಳೂ ಪ್ರಭಾವಳಿಯೂ ಬರುವ ಕಡೆ ಸಣ್ಣ ಎಳೆಯಾಗಿ ಉಬ್ಬಿಸಬೇಕು. ಅದರ ಮೇಲೆ ಚಿನ್ನದ ರೇಕನ್ನು ಕೂಡಿಸಬೇಕು. ಕಲ್ಲು, ಎಲೆ, ಹೂವುಗಳಿಂದ ತೆಗೆದ ಬಣ್ಣಗಳನ್ನು ಒಂದಾದ ಮೇಲೊಂದಾಗಿ ತುಂಬಬೇಕು. ಕೊನೆಗೆ ಮೇಲ್ಮೈಯನ್ನು ಹದವಾಗಿ ಉಜ್ಜಿ ಹೊಳಪು ತರಬೇಕು. ಕೈ ಒಮ್ಮೆ ನಡುಗಿದರೆ ವಾರದ ಕೆಲಸವು ಹೋಯಿತು. ಇಂಥ ಕೆಲಸಕ್ಕೆ ಮನಸ್ಸು ನೆಮ್ಮದಿಯಾಗಿರಬೇಕು; ನಾಳೆಯ ಅಕ್ಕಿಯ ಚಿಂತೆಯುಳ್ಳವನ ಕೈಯಲ್ಲಿ ಚಿನ್ನದ ರೇಕು ನಿಲ್ಲದು.

ಇಲ್ಲಿ ಒಂದು ಮಾತು ಅಡ್ಡ ಬರುವುದು. ಹಿಂದಿನ ಕಲಾವಿದರು ಹೆಸರನ್ನು ಬಯಸಿದವರಲ್ಲ, ಅವರಿಗೆ ಕೆಲಸವೇ ಪೂಜೆಯಾಗಿತ್ತು, ಆದುದರಿಂದ ಅವರಿಗೆ ಯಾವ ಋಣವೂ ಸಲ್ಲಬೇಕಾದುದಿಲ್ಲ ಎಂಬುದೇ ಆ ಮಾತು. ಇದು ಕೇಳುವುದಕ್ಕೆ ಸೊಗಸಾಗಿದೆ. ಆದರೆ ನಿಜದ ಮುಂದೆ ನಿಲ್ಲುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ಹೆಸರನ್ನು ಕೊರೆದಿರುವರು. ಸೋಮನಾಥಪುರದಲ್ಲಿ ರೂವಾರಿ ಮಲ್ಲಿತಮ್ಮನು ಮತ್ತೆ ಮತ್ತೆ ತನ್ನ ಹೆಸರನ್ನು ಕೊರೆದಿರುವನು. ಕೃಷ್ಣರಾಜಪೇಟೆಯ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದಲ್ಲಿಯೂ ಅವನ ಕೈವಾಡವುಂಟು. ಭಕ್ತಿಯು ಕಡಮೆಯಾಗಿತ್ತೆಂದು ಅವರು ಹೆಸರು ಬರೆಯಲಿಲ್ಲ. ದೇವರ ಮುಂದೆ ಕೈಮುಗಿದು ನಿಂತಿದ್ದರೂ, ಈ ಕೈಗಳು ತನ್ನವೆಂದು ಹೇಳಿಕೊಳ್ಳುವ ಹಕ್ಕು ಮನುಷ್ಯನಿಗೆ ಉಂಟೆಂದು ಅವರು ತಿಳಿದಿದ್ದರು. ಹೆಸರು ಬರೆಯುವ ಅವಕಾಶವಿಲ್ಲದವನ ಮೌನವನ್ನು ವಿನಯವೆಂದು ಹೊಗಳುವುದು ಸಾಲ ತೀರಿಸದವನು ಸಾಹುಕಾರನ ಔದಾರ್ಯವನ್ನು ಕೊಂಡಾಡಿದಂತೆ ಆಗುವುದು. ಅದೇ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದಲ್ಲಿ ರಾಮಾಯಣ ಭಾರತಗಳ ಕಥೆಯನ್ನು ಗೋಡೆಯ ಸುತ್ತಲೂ ಕಡೆದ ಕೈಗಳ ಮುಂದೆ ನಿಂತವರಿಗೂ, ನಾಗಮಂಗಲದ ಲೋಹಶಿಲ್ಪಿಗಳು ಎರಕ ಹೊಯ್ದ ವಿಗ್ರಹವನ್ನು ಮನೆಯ ದೇವರ ಕೋಣೆಯಲ್ಲಿಟ್ಟು ಪೂಜಿಸುವವರಿಗೂ ಈ ಮಾತು ಅನ್ವಯಿಸುವುದು.

ಅರಸರ ಆಶ್ರಯದಿಂದ ಜನರ ಮೆಚ್ಚುಗೆಯ ಕಡೆಗೆ ಚಿತ್ರಗಾರನು ನಡೆದುಬಂದ ದಾರಿಯಲ್ಲಿ ಇಬ್ಬರನ್ನು ನೆನೆಯಬೇಕು. ಮೊದಲನೆಯವರು ರಾಜಾ ರವಿವರ್ಮರು. ೧೮೭೩ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಅವರ ಚಿತ್ರಕ್ಕೆ ಬಹುಮಾನವು ಬಂದಿತು. ಅವರು ಮೈಸೂರಿನ ಅರಮನೆಗಾಗಿಯೂ ಚಿತ್ರಗಳನ್ನು ಬರೆದರು. ಜಗನ್ಮೋಹನ ಅರಮನೆಯಲ್ಲಿ ಅವರ ತೈಲಚಿತ್ರಗಳನ್ನು ಇಂದಿಗೂ ನೋಡಬಹುದು. ಆದರೆ ಅವರನ್ನು ಮನೆಮನೆಗೂ ತಂದುದು ಅರಮನೆಯಲ್ಲ, ೧೮೯೪ರಲ್ಲಿ ಮುಂಬಯಿಯಲ್ಲಿ ಅವರು ತೆರೆದ ಮುದ್ರಣಾಲಯ. ಅಲ್ಲಿಂದ ಹೊರಟ ಲಕ್ಷ್ಮಿ ಸರಸ್ವತಿಯರ ಪಟಗಳು ಹಳ್ಳಿಯ ಮನೆಗಳ ಗೋಡೆಯನ್ನೂ ಸೇರಿದುವು. ಆ ಪಟಗಳಿಗೆ ದಿನವೂ ಹೂವಿಡುವ ಮನೆಗಳಲ್ಲಿ ಅವುಗಳನ್ನು ಬರೆದವರ ಹೆಸರನ್ನು ಕೇಳಿದರೆ ಎಷ್ಟು ಮಂದಿ ಹೇಳಬಲ್ಲರು? ಅಗ್ಗದ ಅಚ್ಚು ಚಿತ್ರವನ್ನು ಎಲ್ಲರಿಗೂ ತಲಪಿಸಿತು. ಚಿತ್ರಗಾರನನ್ನು ಮಾತ್ರ ಮತ್ತೆ ಮರೆಯಲ್ಲಿ ನಿಲ್ಲಿಸಿತು.

ಎರಡನೆಯವರು ಬೆಂಗಳೂರಿನ ಕೆ. ವೆಂಕಟಪ್ಪನವರು. ಆಸ್ಥಾನದ ಚಿತ್ರಗಾರರ ಮನೆತನದಲ್ಲಿ ೧೮೮೬ರಲ್ಲಿ ಹುಟ್ಟಿದ ಇವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಾಡಿಗೆ ಹಿಂದಿರುಗಿ ನಾಲ್ವಡಿ ಕೃಷ್ಣರಾಜ ಒಡೆಯರ ಆದರಕ್ಕೆ ಪಾತ್ರರಾದರು. ಉದಕಮಂಡಲದ ಮಂಜನ್ನೂ ಬಿಸಿಲನ್ನೂ ಜಲವರ್ಣದಲ್ಲಿ ಅವರು ಹಿಡಿದಿಟ್ಟ ಬಗೆಯನ್ನು ಕಂಡವರು ಮರೆಯಲಾರರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿತರು, ಮದುವೆಯಾಗಲಿಲ್ಲ, ಚಿತ್ರಗಳನ್ನು ಮಾರುವುದರಲ್ಲಿ ಮನಸ್ಸಿಲ್ಲದೆ ಬಹುಪಾಲನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಕಲೆಯು ತಪಸ್ಸು ಎಂಬ ಮಾತನ್ನು ಬಾಯಲ್ಲಿ ಆಡುವವರು ಬಹಳ. ಅವರು ಅದನ್ನು ಬದುಕಿದರು. ಹಾಗಿದ್ದರೂ ಅಂಥವರೇ ತಮ್ಮ ಕೆಲಸದ ಪ್ರತಿಫಲದ ವಿಷಯವಾಗಿ ಅರಮನೆಯೊಡನೆ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಇದರಲ್ಲಿ ವಿರೋಧವನ್ನು ಕಾಣುವವರು ಅವರನ್ನು ಅರಿತವರಲ್ಲ. ಚಿತ್ರವನ್ನು ಸರಕೆಂದು ಮಾರಲು ಒಪ್ಪದವನು, ಮಾಡಿಸಿಕೊಂಡ ಕೆಲಸಕ್ಕೆ ತಕ್ಕ ಗೌರವಧನವನ್ನು ಕೇಳುವುದರಲ್ಲಿ ವಿರೋಧವೇನು? ಎರಡಕ್ಕೂ ಬೇರು ಒಂದೇ, ಅದು ಸ್ವಾಭಿಮಾನ. ಅವರು ೧೯೬೫ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಚಿತ್ರಶಾಲೆಗೆ ಅವರ ಹೆಸರನ್ನಿಟ್ಟು ಅವರ ಚಿತ್ರಗಳನ್ನು ಅಲ್ಲಿ ಕಾಪಾಡಲಾಯಿತು. ಆ ಚಿತ್ರಶಾಲೆಯನ್ನು ಖಾಸಗಿ ಸಂಸ್ಥೆಯೊಂದರ ವಶಕ್ಕೆ ಒಪ್ಪಿಸುವ ಏರ್ಪಾಡು ತಿಳಿದುಬಂದಾಗ, ೨೦೧೬ರಲ್ಲಿ ನಾಡಿನ ಕಲಾವಿದರು ಒಟ್ಟಾಗಿ ಪ್ರತಿಭಟಿಸಿದರು. ಬಡ ಚಿತ್ರಗಾರನು ಕಡಮೆ ಬಾಡಿಗೆಗೆ ತನ್ನ ಚಿತ್ರಗಳನ್ನು ತೂಗುಹಾಕಬಹುದಾದ ಗೋಡೆಯು ಎಷ್ಟು ಅಮೂಲ್ಯವೆಂಬುದನ್ನು ಆ ಪ್ರತಿಭಟನೆಯು ತೋರಿಸಿತು.

ಇಂದಿನ ಪ್ರದರ್ಶನವನ್ನು ನೋಡುವವನ ಕಡೆಯಿಂದಲ್ಲದೆ ಬರೆದವನ ಕಡೆಯಿಂದ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುವುದು. ಪಾಂಡವಪುರದಲ್ಲಿಯೋ ನಾಗಮಂಗಲದಲ್ಲಿಯೋ ಹುಟ್ಟಿ, ಚಿತ್ರಕಲೆಯನ್ನು ಓದಿ ಬಂದ ತರುಣನನ್ನು ಊಹಿಸಬಹುದು. ಅವನಿಗೆ ಸಿಕ್ಕರೆ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರ ಕೆಲಸ. ಸಿಗದಿದ್ದರೆ ಅಂಗಡಿಯ ಬೋರ್ಡು, ಶಾಲೆಯ ಗೋಡೆ, ಗಣಪತಿಯ ಬಣ್ಣ. ಬೋರ್ಡು ಬರೆಯುವವರ ಅನ್ನವನ್ನು ಈಚೆಗೆ ಫ್ಲೆಕ್ಸಿನ ಯಂತ್ರವು ಕಸಿದುಕೊಂಡಿತು. ಹಗಲು ಹೊಟ್ಟೆಯ ಪಾಡು. ರಾತ್ರಿ ದೀಪದ ಬೆಳಕಿನಲ್ಲಿ ತನ್ನ ಚಿತ್ರ. ಆ ಬೆಳಕಿನಲ್ಲಿ ಹಳದಿಯು ಬಿಳುಪಾಗಿಯೂ ನೀಲಿಯು ಕಪ್ಪಾಗಿಯೂ ತೋರುವುದು. ಬೆಳಗ್ಗೆ ಎದ್ದು ತಿದ್ದಬೇಕು. ಹೀಗೆ ಎರಡು ಮೂರು ವರ್ಷಗಳಲ್ಲಿ ಇಪ್ಪತ್ತು ಚಿತ್ರಗಳಾದರೆ ಪ್ರದರ್ಶನದ ಆಸೆ. ಅದಕ್ಕೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಕಟ್ಟು ಹಾಕಿಸುವುದಕ್ಕೆ ಹಣ, ಸಾಗಿಸುವುದಕ್ಕೆ ಹಣ, ಗೋಡೆಯ ಬಾಡಿಗೆಗೆ ಹಣ, ಆಹ್ವಾನಪತ್ರಿಕೆಗೆ ಹಣ, ಬಂದವರಿಗೆ ಕೊಡುವ ಕಾಫಿಗೂ ಹಣ. ನೋಡುವವರು ಬರುವರು; ಚೆನ್ನಾಗಿದೆಯೆನ್ನುವರು; ಅಭಿಪ್ರಾಯದ ಪುಸ್ತಕದಲ್ಲಿ ಸಹಿ ಹಾಕುವರು. ಕಡೆಯ ದಿನ ಸಂಜೆ ಚಿತ್ರಗಳನ್ನು ಗೋಡೆಯಿಂದ ಇಳಿಸಿ ಹಳೆಯ ಸೀರೆಯಲ್ಲಿ ಸುತ್ತಿ ಊರಿಗೆ ಒಯ್ಯುವನು. ತನ್ನ ಕೆಲಸವನ್ನು ಜನರಿಗೆ ತೋರಿಸಿದ್ದಕ್ಕಾಗಿ ತಾನೇ ಹಣ ತೆತ್ತವನು ಅವನು. ಲೋಕದಲ್ಲಿ ಬೇರೆ ಯಾವ ಕಸುಬಿನಲ್ಲಿಯೂ ಈ ರೀತಿಯಿಲ್ಲ. ಬಡಗಿಯು ಕುರ್ಚಿಯನ್ನು ಮಾಡಿ ತೋರಿಸುವುದಕ್ಕೆ ತಾನೇ ಬಾಡಿಗೆ ತೆತ್ತು, ಕುಳಿತವರ ಸಹಿಯನ್ನು ಪಡೆದು, ಕುರ್ಚಿಯನ್ನು ಹಿಂದಕ್ಕೆ ಹೊತ್ತುಕೊಂಡು ಹೋಗುವನೇ?

ಎಲ್ಲವೂ ಕತ್ತಲೆಯೆಂದಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನವು ಹಳೆಯ ಮೈಸೂರಿನ ಹಳ್ಳಿಗರಿಗೂ ಚಿತ್ರಗಳ ಪರಿಚಯವನ್ನು ಮಾಡಿಕೊಟ್ಟಿತು. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಮೊದಲುಮಾಡಿದ ಚಿತ್ರಸಂತೆಯಲ್ಲಿ ಚಿತ್ರಗಾರನು ರಸ್ತೆಯ ಬದಿಯಲ್ಲಿ ತನ್ನ ಚಿತ್ರಗಳೊಡನೆ ತಾನೇ ಕುಳಿತುಕೊಳ್ಳುವನು. ಕೊಳ್ಳುವವನು ಬರೆದವನ ಮುಖವನ್ನು ನೋಡಿ ಮಾತನಾಡಿ ಕೊಳ್ಳುವನು. ಸಂತೆಯೆಂಬ ಹೆಸರು ಕೆಲವರಿಗೆ ಹಗುರವಾಗಿ ಕಂಡರೂ ಅದರಲ್ಲಿ ಒಂದು ನ್ಯಾಯವುಂಟು. ಸಂತೆಯಲ್ಲಿ ಸೊಪ್ಪು ಮಾರುವವಳ ಮುಖವನ್ನು ನೋಡದೆ ಯಾರೂ ಸೊಪ್ಪನ್ನು ಕೊಳ್ಳರು. ಶ್ರೀರಂಗಪಟ್ಟಣದಲ್ಲಿಯೇ ನೆಲೆನಿಂತು, ಮುಮ್ಮಡಿಯವರ ಕಾಲದಲ್ಲಿ ಬೆಳಗಿ ಬಳಿಕ ಮಂಕಾಗಿದ್ದ ಗಂಜೀಫಾ ಎಲೆಗಳ ಸೂಕ್ಷ್ಮ ಚಿತ್ರಕಲೆಯನ್ನು ಮತ್ತೆ ಬೆಳಕಿಗೆ ತಂದ ರಘುಪತಿ ಭಟ್ಟರ ಉದಾಹರಣೆಯೂ ಧೈರ್ಯ ಕೊಡತಕ್ಕದ್ದು. ಅಂಗೈಯಲ್ಲಿ ಅಡಗುವ ಎಲೆಯ ಮೇಲೆ ದೇವಲೋಕವನ್ನೇ ಬರೆಯುವ ಆ ಕಲೆಯು ಅವರಿಂದ ದೇಶವಿದೇಶಗಳಿಗೆ ಪರಿಚಯವಾಯಿತು.

ಇನ್ನು ಆಕ್ಷೇಪಣೆಗಳನ್ನು ವಿಚಾರಿಸಬಹುದು. ನೋಡುವುದರಿಂದ ಋಣವು ಹುಟ್ಟುವುದಾದರೆ, ಮೇಲುಕೋಟೆಯ ಬೆಟ್ಟದ ಮೇಲಿಂದ ಸೂರ್ಯಾಸ್ತವನ್ನು ನೋಡಿದವನು ಯಾರಿಗೆ ಋಣಿ, ಎಂದು ಒಬ್ಬರು ಕೇಳಬಹುದು. ಉತ್ತರವು ಸುಲಭ. ಸೂರ್ಯನು ಮುಳುಗುವುದು ಯಾರ ದುಡಿಮೆಯಿಂದಲೂ ಅಲ್ಲ. ಅದಕ್ಕಾಗಿ ಯಾರ ಮನೆಯ ಒಲೆಯೂ ಆರಿಲ್ಲ. ಋಣವು ಹುಟ್ಟುವುದು ಸೌಂದರ್ಯದಿಂದಲ್ಲ; ಇನ್ನೊಬ್ಬನ ಆಯುಷ್ಯದ ಒಂದು ಭಾಗವನ್ನು ಸ್ವೀಕರಿಸಿದುದರಿಂದ. ಚಿತ್ರವೆಂದರೆ ಒಬ್ಬನು ತನ್ನ ದಿನಗಳನ್ನು ಬಣ್ಣವಾಗಿ ಮಾಡಿ ಇಟ್ಟಿರುವುದು. ಅದನ್ನು ಕಣ್ಣಿನಿಂದ ತೆಗೆದುಕೊಂಡವನು ಆ ದಿನಗಳನ್ನೇ ತೆಗೆದುಕೊಂಡಂತೆ ಆಯಿತು.

ಕವಿಗೂ ಹೀಗೆಯೇ ಅಲ್ಲವೇ, ಚಿತ್ರಗಾರನಿಗೆ ಮಾತ್ರ ಏಕೆ ಈ ಕೂಗು, ಎಂದು ಇನ್ನೊಬ್ಬರು ಕೇಳಬಹುದು. ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರೂ ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರೂ ಕಚೇರಿಯ ಕೆಲಸದಲ್ಲಿ ಅನ್ನವನ್ನು ಸಂಪಾದಿಸಿ ಕವಿತೆಯನ್ನು ಬರೆದವರೇ ಎಂಬುದು ನಿಜ. ಆದರೆ ಕವಿತೆಯು ಬಾಯಿಂದ ಬಾಯಿಗೆ ಹಾರಬಲ್ಲುದು. ಓದಿದವನು ಅದನ್ನು ಪೂರ್ತಿಯಾಗಿ ಮನೆಗೆ ಒಯ್ದರೂ ಕವಿಯ ಬಳಿ ಅದು ಪೂರ್ತಿಯಾಗಿಯೇ ಉಳಿಯುವುದು. ಅದಕ್ಕೆ ಬೇಕಾದುದು ಹಾಳೆ ಮತ್ತು ಲೇಖನಿ. ಚಿತ್ರವೋ ಲೋಕದಲ್ಲಿ ಒಂದೇ ಒಂದು. ಅದಕ್ಕೆ ಬಟ್ಟೆಯೂ ಬಣ್ಣವೂ ಸ್ಥಳವೂ ಹಗಲಿನ ಬೆಳಕೂ ಬೇಕು. ಆದುದರಿಂದ ಕವಿಗಿಂತಲೂ ಚಿತ್ರಗಾರನು ನೋಡುವವರ ಮೇಲೆ ಹೆಚ್ಚು ಅವಲಂಬಿಸಿರುವನು.

ಮೂರನೆಯ ಆಕ್ಷೇಪಣೆಯು ಗಂಭೀರವಾದುದು. ಹಣದ ಮಾತು ಬಂದ ಕೂಡಲೇ ಕಲೆಯು ಕೆಡುವುದೆಂದೂ, ಜನರು ಹಣ ಕೊಡತೊಡಗಿದರೆ ಚಿತ್ರಗಾರನು ಜನರಿಗೆ ಬೇಕಾದುದನ್ನೇ ಬರೆಯುವನೆಂದೂ ಕೆಲವರು ಹೇಳುವರು. ಪೋರ್ಟರನ ದೃಷ್ಟಾಂತವು ಈ ಭಯಕ್ಕೆ ಆಧಾರವನ್ನು ಕೊಡುವುದು. ಆದರೆ ಅವನನ್ನು ದಾರಿತಪ್ಪಿಸಿದುದು ಹಣವೇ? ಕಾಣದುದನ್ನು ಕಂಡಂತೆ ಬರೆಯುವ ಆತುರವು ಅವನದು. ಕಾಣದುದನ್ನು ಕಂಡೆವೆಂದು ನಂಬುವ ಆತುರವು ನೋಡಿದವರದು. ನೋಡುವವನು ಚೆನ್ನಾಗಿ ನೋಡಬಲ್ಲವನಾದರೆ ಚಿತ್ರಗಾರನು ಸುಳ್ಳು ಬರೆದು ಬದುಕಲಾರನು. ಹೀಗೆ ಋಣವು ಎರಡು ಕಡೆಯದು. ಬರೆಯುವವನು ನಿಜವನ್ನು ಕೊಡಬೇಕು. ನೋಡುವವನು ಗಮನವನ್ನು ಕೊಡಬೇಕು. ಹಣವು ಈ ಎರಡರ ನಡುವೆ ಸಾಗುವ ಗಾಡಿ. ಗಾಡಿಯಲ್ಲಿ ಏನನ್ನು ಹೇರಿದರೆ ಅದನ್ನೇ ಒಯ್ಯುವುದು.

ಕಾನೂನು ಕೂಡ ಈ ಋಣವನ್ನು ಸ್ವಲ್ಪಮಟ್ಟಿಗೆ ಒಪ್ಪಿಕೊಂಡಿದೆ. ಭಾರತದ ೧೯೫೭ರ ಕೃತಿಸ್ವಾಮ್ಯದ ಅಧಿನಿಯಮಕ್ಕೆ ೧೯೯೪ರಲ್ಲಿ ಮಾಡಿದ ತಿದ್ದುಪಡಿಯಂತೆ, ಮೂಲಚಿತ್ರವೊಂದು ಹತ್ತು ಸಾವಿರ ರೂಪಾಯಿಗೆ ಮೀರಿದ ಬೆಲೆಗೆ ಮತ್ತೆ ಮಾರಾಟವಾದಾಗ ಅದನ್ನು ಬರೆದವನಿಗೂ ಒಂದು ಪಾಲು ಸಲ್ಲತಕ್ಕದ್ದು. ಆ ಪಾಲು ನೂರಕ್ಕೆ ಹತ್ತನ್ನು ಮೀರಕೂಡದು. ಚಿತ್ರವು ಕೈಬಿಟ್ಟ ಮೇಲೂ ಬರೆದವನ ಸಂಬಂಧವು ಪೂರ್ತಿ ಕಡಿಯುವುದಿಲ್ಲವೆಂಬುದೇ ಇದರ ಅರ್ಥ. ಅದೇ ಅಧಿನಿಯಮವು ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನೂ, ಅದನ್ನು ಕೆಡಿಸದಂತೆ ತಡೆಯುವ ಹಕ್ಕನ್ನೂ ಕರ್ತೃವಿಗೆ ಉಳಿಸಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಎಂಬ ಶಿಲ್ಪಿಯ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು ೧೯೭೯ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದರು. ಅವರು ನ್ಯಾಯಕ್ಕಾಗಿ ಹೋರಾಡಿದರು. ೨೦೦೫ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಉಳಿದ ಭಾಗಗಳನ್ನು ಶಿಲ್ಪಿಗೆ ಹಿಂದಿರುಗಿಸಬೇಕೆಂದೂ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ತೀರ್ಪಿತ್ತಿತು. ಆದರೆ ಕಾನೂನು ಕೊಡಿಸಬಲ್ಲುದು ಕಳೆದುದಕ್ಕೆ ಪರಿಹಾರವನ್ನು ಮಾತ್ರ. ಗೋಡೆಯ ಮುಂದೆ ನಿಲ್ಲುವವನ ಮನಸ್ಸಿನಲ್ಲಿ ಋಣದ ಅರಿವನ್ನು ಹುಟ್ಟಿಸುವುದು ಅದರಿಂದ ಆಗದು. ಅದು ಮನೆಯಲ್ಲಿ ಹುಟ್ಟಬೇಕಾದುದು.

ಹಾಗಾದರೆ ಸಾಧಾರಣ ಸಂಸಾರಿಯು ಮಾಡಬೇಕಾದುದೇನು? ಎಲ್ಲರೂ ಚಿತ್ರವನ್ನು ಕೊಳ್ಳಲಾರರು. ಕೊಳ್ಳದವನೆಲ್ಲ ಋಣಗೇಡಿಯೆಂದು ಹೇಳುವುದು ಅನ್ಯಾಯ. ಮಗಳ ಫೀಜನ್ನು ಕಟ್ಟಲು ಕಷ್ಟಪಡುವ ಮನೆಯ ಯಜಮಾನನಿಗೆ ಚಿತ್ರವನ್ನು ಕೊಳ್ಳೆಂದು ಬುದ್ಧಿ ಹೇಳುವುದು ಅಪಹಾಸ್ಯವೇ ಸರಿ. ಆದರೆ ಬಡವನೂ ಕೊಡಬಹುದಾದವು ಉಂಟು. ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬಹುದು. ಬರೆದವರ ಹೆಸರನ್ನು ಕೇಳಿ ತಿಳಿದು, ಮನೆಗೆ ಹೋಗಿ ಆ ಹೆಸರನ್ನು ಮಕ್ಕಳಿಗೆ ಹೇಳಬಹುದು. ತಾನು ಕಂಡುದನ್ನು ಕಾಣದವರಿಗೆ ವರ್ಣಿಸಬಹುದು. ಉಳ್ಳವರಾದರೆ, ಮದುವೆಯ ಒಂದು ದಿನದ ಚಪ್ಪರದ ಅಲಂಕಾರಕ್ಕೆ ಸುರಿಯುವ ಹಣದಲ್ಲಿ ಒಂದಂಶವನ್ನು, ಮೂರು ತಲೆಮಾರು ಗೋಡೆಯ ಮೇಲಿರುವ ಚಿತ್ರಕ್ಕೆ ಕೊಡಬಹುದು. ಬೆಲೆಯನ್ನು ಕೇಳಿ ಚೌಕಾಶಿ ಮಾಡದಿರುವುದೂ ಒಂದು ಗೌರವ. ಊರಿನ ಸಂಘಸಂಸ್ಥೆಗಳು ವರ್ಷಕ್ಕೊಮ್ಮೆ ತಮ್ಮ ಸಭಾಭವನದ ಗೋಡೆಯನ್ನು ಊರಿನ ಚಿತ್ರಗಾರರಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರೆ ಅದೂ ದೊಡ್ಡ ಉಪಕಾರವೇ. ದಯೆಯಿಂದ ಮಾಡುವುದು ಬೇರೆ, ಬಾಕಿಯೆಂದು ತಿಳಿದು ಮಾಡುವುದು ಬೇರೆ. ದಯೆಯು ಪಡೆದವನ ತಲೆಯನ್ನು ತಗ್ಗಿಸುವುದು. ಬಾಕಿಯ ಸಲುವಳಿಯು ಇಬ್ಬರ ತಲೆಯನ್ನೂ ಎತ್ತುವುದು.

ದರಿಯಾ ದೌಲತ್ತಿನ ಚಿತ್ರದ ಕಥೆಯಲ್ಲಿ ಇನ್ನೂ ಒಂದು ಭಾಗವು ಉಳಿದಿದೆ. ೧೭೯೯ಕ್ಕೂ ಮುಂಚೆಯೇ ಆ ಯುದ್ಧಚಿತ್ರವು ಅ

ಳಿಸಲ್ಪಟ್ಟಿತ್ತೆಂದೂ, ಕೋಟೆ ಬಿದ್ದ ಮೇಲೆ ಆ ಅರಮನೆಯಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿಯು ಅದನ್ನು ಸರಿಮಾಡಿಸಿದನೆಂದೂ, ಬಳಿಕ ಸುಣ್ಣ ಬಳಿದು ಅದು ಮತ್ತೆ ಮರೆಯಾಯಿತೆಂದೂ ಮೈಸೂರಿನ ಗ್ಯಾಝೆಟಿಯರಿನಲ್ಲಿ ಹೇಳಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯು ಈ ಸೀಮೆಯಲ್ಲಿ ಪ್ರವಾಸಮಾಡಿದಾಗ ಅದನ್ನು ಮತ್ತೆ ಬರೆಯಿಸಬೇಕೆಂದು ಆಜ್ಞೆಮಾಡಿದನು. ಬರೆಯುವುದು ಹೇಗೆ? ನೋಡಿ ಬರೆಯುವುದಕ್ಕೆ ಗೋಡೆಯಲ್ಲಿ ಚಿತ್ರವೇ ಅಳಿದಂತಾಗಿತ್ತು. ಆಗ ಮೂಲಚಿತ್ರವನ್ನು ಚೆನ್ನಾಗಿ ನೆನಪಿನಲ್ಲಿಟ್ಟುಕೊಂಡಿದ್ದ ಈ ನಾಡಿನ ಚಿತ್ರಗಾರನೊಬ್ಬನು ದೊರೆತನು. ಅವನು ನೆನಪಿನಿಂದಲೇ ಕುದುರೆಗಳನ್ನೂ ಪಲ್ಲಕ್ಕಿಯನ್ನೂ ಸಿಡಿಯುವ ಮದ್ದಿನ ಬಂಡಿಯನ್ನೂ ಗೋಡೆಗೆ ಹಿಂದಿರುಗಿಸಿದನು.

ಅವನ ಹೆಸರೂ ಅಲ್ಲಿಲ್ಲ. ಆದರೆ ಅವನು ಎಂದೋ ಒಂದು ದಿನ ಆ ಗೋಡೆಯ ಮುಂದೆ ನಿಂತು ನೋಡಿದ್ದನು. ಅರೆಗಳಿಗೆ ನೋಡಿ ಹೊರಟುಹೋದವರಂತೆ ನೋಡಿರಲಿಲ್ಲ. ಅರಸನು ಹೋದನು, ಕೋಟೆಯು ಬಿದ್ದಿತು, ಸುಣ್ಣವು ಮುಚ್ಚಿತು. ಅವನ ಕಣ್ಣಿನಲ್ಲಿ ಮಾತ್ರ ಚಿತ್ರವು ಹಾಗೆಯೇ ಇದ್ದಿತು. ಹೆಸರರಿಯದ ಹಿರಿಯರಿಂದ ಪಡೆದುದನ್ನು ಅವನು ಹೀಗೆ ಗೋಡೆಗೆ ಹಿಂದಿರುಗಿಸಿದನು. ಇಂದು ಆ ತೋಟಕ್ಕೆ ಹೋಗುವವರು ನೋಡುವುದು ಅವನು ತೀರಿಸಿದ ಋಣವನ್ನೇ.